ಇಳಿಸಪ್ಪನವರು

ಸಂಡೂರು ಗುಡ್ಡಗಳ ಯಾವ ಗಣಿಯ ವರ್ಕ್‌ಶಾಪಿಗಾದರೂ ಹೋಗಿ ನೋಡಿ, ಅಲ್ಲೊಬ್ಬ ಇಳಿಸಪ್ಪನವರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಕೆಟ್ಟ ಡಂಪರ್ ಗೇಟಿನೊಳಗೆ ಮೂತಿ ತೂರಿಸುವಷ್ಟರಲ್ಲಿ, ಆಪರೇಟರ್ ಏಣಿ ಇಳಿಯುವ ಮುಂಚೆಯೇ, "ಗೇರ್‌ಬಾಕ್ಸ್ ಇಳಿಸ್ಬೇಕ್ರಿ" ಎಂದು ತೀರ್ಪು ಕೊಡುವ ವಾಡಿಕೆಯಿಂದ ಈ ಹೆಸರು ಬಂದಿದೆ. ವಯಸ್ಸು ಐವತ್ತು ದಾಟಿದೆ. ಖಾಕಿ ಜೇಬಿನಲ್ಲಿ ಟಾರ್ಚು, ಹೆಗಲ ಮೇಲೆ ಕಾಟನ್ ವೇಸ್ಟು. ಮೈಯೆಲ್ಲ ಅದಿರಿನ ಕೆಂಪು. ಅದು ಅಲ್ಲಿ ಮ್ಯಾನೇಜರಿಂದ ಹಿಡಿದು ಹೋಟೆಲಿನ ನಾಯಿಯವರೆಗೆ ಎಲ್ಲರಿಗೂ ಇರುವುದೇ.

ಅವರ ಕೈಗೆ ಸಿಕ್ಕುವ ವಸ್ತುವೇನೂ ಸಾಮಾನ್ಯದ್ದಲ್ಲ. 100 ಟನ್ ಆಸುಪಾಸು ಹೊರುವ ಕ್ಯಾಟರ್‌ಪಿಲ್ಲರ್ 777, ಕೊಮಾಟ್ಸು ಎಚ್‌ಡಿ785ರಂಥ ಡಂಪರ್‌ಗಳಿಗೆ ಮುಂದಕ್ಕೆ ಏಳು ಗೇರು. ಕಾಲಲ್ಲಿ ಒತ್ತುವ ಕ್ಲಚ್ ಇಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್. ಅದರೊಳಗೆ ಬಲ ಸಾಗಿಸುವುದು ಎಣ್ಣೆ. ಆಚೆ ಕಡೆ ಪ್ಲಾನೆಟರಿ ಗೇರುಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಪ್ಲೇಟುಗಳ ಕಟ್ಟುಗಳು. ಎಣ್ಣೆಯ ಒತ್ತಡ ಪ್ಲೇಟುಗಳನ್ನು ಒತ್ತಿದರೆ ಗೇರು ಹಿಡಿಯಿತು, ಸಡಿಲಿಸಿದರೆ ಬಿಟ್ಟಿತು. ಯಾವ ಕಟ್ಟಿಗೆ ಯಾವಾಗ ಎಣ್ಣೆ ಹೋಗಬೇಕೆಂದು ಕಂಟ್ರೋಲರ್ ಸೊಲೆನಾಯ್ಡ್‌ಗಳಿಗೆ ಹೇಳುತ್ತದೆ. ಹೀಗಾಗಿ ಗೇರು ಹಿಡಿಯದಿದ್ದರೆ ತಪ್ಪು ಎಣ್ಣೆಯದಿರಬಹುದು, ಫಿಲ್ಟರಿನದಿರಬಹುದು, ಪಂಪಿನದು, ಧೂಳು ತುಂಬಿದ ವೈರ್ ಕನೆಕ್ಟರಿನದು, ಸೊಲೆನಾಯ್ಡಿನದು, ಎಲ್ಲ ಮುಗಿದ ಮೇಲೆ ಗೇರ್‌ಬಾಕ್ಸಿನ ಒಡಲಿನದೂ ಇರಬಹುದು. ಇಳಿಸಪ್ಪನವರು ಈ ಪಟ್ಟಿಯನ್ನು ಕೊನೆಯಿಂದ ಓದುತ್ತಾರೆ. ಅಷ್ಟೇ ಅಲ್ಲ, ಓದಿದ ಮೊದಲ ಸಾಲಿಗೇ ಪುಸ್ತಕ ಮುಚ್ಚುತ್ತಾರೆ.

ಇದರಲ್ಲಿ ಆಪರೇಟರುಗಳ ಪಾಲೂ ಇದೆ ಎನ್ನಿ. ಲಾಗ್ ಬುಕ್ಕಿನಲ್ಲಿ ಅವರು ಬರೆಯುವ ದೂರು ಒಂದೇ: "ಪಿಕಪ್ ಇಲ್ಲ." ಏರ್ ಕ್ಲೀನರ್ ಕಟ್ಟಿದರೂ ಪಿಕಪ್ ಇಲ್ಲ, ಬ್ರೇಕ್ ಹಿಡಿದುಕೊಂಡೇ ಇದ್ದರೂ ಪಿಕಪ್ ಇಲ್ಲ. ಈಚೆಗೆ ಬಂದ ಡಿಪ್ಲೊಮಾ ಹುಡುಗಿಯೊಬ್ಬಳು ಮಾತ್ರ ಆಪರೇಟರನ್ನು ಕೂರಿಸಿಕೊಂಡು ಕೇಳುತ್ತಾಳೆ: ಎಲ್ಲ ಗೇರಿನಲ್ಲೂ ಜಾರುತ್ತದೋ, ಒಂದರಲ್ಲಿ ಮಾತ್ರವೋ? ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ರಿವರ್ಸ್ ಸರಿಯಿದೆಯೋ? ಎಲ್ಲದರಲ್ಲೂ ಜಾರಿದರೆ ಎಲ್ಲಕ್ಕೂ ಸೇರಿದ್ದನ್ನು, ಅಂದರೆ ಎಣ್ಣೆ, ಪಂಪು, ಮುಖ್ಯ ಒತ್ತಡಗಳನ್ನು ಮೊದಲು ನೋಡಬೇಕು. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿಗೆ ಕೆಲಸ ಮಾಡುವ ಕ್ಲಚ್ಚನ್ನು ಚಾರ್ಟಿನಲ್ಲಿ ಹುಡುಕಿ ಅದರ ಒತ್ತಡ ಅಳೆಯಬೇಕು. ಅಳೆಯಲೆಂದೇ ಪೋರ್ಟುಗಳಿವೆ. ಗೇಜು ಹಚ್ಚಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಇಳಿಸಪ್ಪನವರ ಗೇಜು ಅಲ್ಮೇರಾದಲ್ಲಿ ಬೀಗ ಹಾಕಿಕೊಂಡಿದೆ. "ನನ್ನ ಕಿವಿಗಿಂತ ಗೇಜ್ ದೊಡ್ದಾತೇನ್ರಿ?"

ಡಿಪ್‌ಸ್ಟಿಕ್ ನೋಡುವುದು ಅವರ ಘನತೆಗೆ ಕಡಿಮೆ, ಅದು ಹೆಲ್ಪರನ ಕೆಲಸ. ಗಾಡಿ ಸಮತಟ್ಟಿನಲ್ಲಿರಬೇಕು, ಎಣ್ಣೆ ಬೆಚ್ಚಗಿರಬೇಕು, ಎಂಜಿನ್ ಐಡಲ್‌ನಲ್ಲಿ ಓಡುತ್ತ ಗೇರು ನ್ಯೂಟ್ರಲ್‌ನಲ್ಲಿರಬೇಕು ಎಂದು ಪುಸ್ತಕ ಹೇಳುತ್ತದೆ. ಹೆಲ್ಪರ್ ನೋಡುವುದು ಇಳಿಜಾರಿನಲ್ಲಿ, ಎಂಜಿನ್ ಆಫ್ ಮಾಡಿ. ಕಡಿಮೆ ಕಂಡರೆ ಸುರಿಯುತ್ತಾನೆ, ಸರಿಯಾಗಿ ಕಂಡರೂ "ಇರ್ಲಿ ಬಿಡು" ಎಂದು ಇನ್ನೊಂದಿಷ್ಟು ಸುರಿಯುತ್ತಾನೆ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆದು ಗೇರು ಜಾರುತ್ತದೆ. ಜಾಸ್ತಿಯಾದರೆ ತಿರುಗುವ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸಿ, ಕಾಯಿಸಿ, ಆಗಲೂ ಗೇರು ಜಾರುತ್ತದೆ. ಎರಡರಲ್ಲಿ ಯಾವುದಾದರೂ ಇಳಿಸಪ್ಪನವರ ತೀರ್ಪು ನಿಲ್ಲುತ್ತದೆ.

ಮ್ಯಾನೇಜರ್ ಸಾಹೇಬರು ಪುರಾವೆ ಕೇಳಿದರೆ ಸ್ಟಾಲ್ ಟೆಸ್ಟ್ ಮಾಡಿ ತೋರಿಸುತ್ತಾರೆ. ಬ್ರೇಕ್ ಹಾಕಿ, ಗೇರು ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆಂದು ನೋಡುವ ಪರೀಕ್ಷೆ ಅದು. ಹೇಳಿದ್ದಕ್ಕಿಂತ ಹೆಚ್ಚು ಸುತ್ತಿದರೆ ಒಳಗೆ ಏನೋ ಜಾರುತ್ತಿದೆ. ಕಡಿಮೆ ಸುತ್ತಿದರೆ ಎಂಜಿನ್ನಿಗೇ ಬಲವಿಲ್ಲ, ಇಲ್ಲವೇ ಕನ್ವರ್ಟರಿನಲ್ಲಿ ಕುತ್ತು. ಕೆಲವೇ ಸೆಕೆಂಡಿನಲ್ಲಿ ಮುಗಿಸಬೇಕು, ಏಕೆಂದರೆ ಎಂಜಿನ್ನಿನ ಬಲವೆಲ್ಲ ಆ ಹೊತ್ತು ಎಣ್ಣೆ ಕಾಯಿಸುವುದಕ್ಕೇ ಹೋಗುತ್ತದೆ. ನಮ್ಮವರು ಕಾಲೊತ್ತಿ ಕೂತು ಹೊರಗಿನವರ ಜೊತೆ ಮಗಳ ಮದುವೆ ಮಾತಾಡುತ್ತಾರೆ. ಗೇಜಿನ ಮುಳ್ಳು ಕೆಂಪಿಗೆ ಮುಟ್ಟಿದ ಮೇಲೆ ಕೆಳಗಿಳಿದು, "ನೋಡ್ರಿ ಸಾಹೇಬ್ರ, ಎಣ್ಣಿ ಹೆಂಗ ಕಾದೈತಿ. ಒಳಗ ಪ್ಲೇಟು ಹೋಗ್ಯಾವು" ಎನ್ನುತ್ತಾರೆ. ಪ್ಲೇಟುಗಳು ಅಷ್ಟರಲ್ಲಿ ನಿಜಕ್ಕೂ ಹೋಗಿದ್ದರೆ ಆಶ್ಚರ್ಯವಿಲ್ಲ.

ಮಳೆಗಾಲದಲ್ಲಿ ಒಂದು ಡಂಪರ್ ಮೊದಲನೇ ಗೇರು ಬಿಟ್ಟು ಮೇಲೇರದೆ ಹಠ ಹಿಡಿದು ಬಂದಿತ್ತು. ಇಳಿಸಪ್ಪನವರು ದೂರದಿಂದಲೇ ಮೂಗು ಅರಳಿಸಿ ತೀರ್ಪು ಕೊಟ್ಟರು. ಗೇರ್‌ಬಾಕ್ಸ್ ಇಳಿಸುವುದೆಂದರೆ ಮೇಜಿನ ಮೇಲಿನ ಟಿಫಿನ್ ಡಬ್ಬಿ ಇಳಿಸಿದಂತಲ್ಲ. ಡ್ರೈವ್ ಶಾಫ್ಟ್ ತೆಗೆಯಬೇಕು, ಎಣ್ಣೆ ಸೋರಿಸಬೇಕು, ಹೋಸುಗಳನ್ನೆಲ್ಲ ಕಳಚಿ ಬಾಯಿಗೆ ಮುಚ್ಚಳ ಹಾಕಬೇಕು, ಕ್ರೇನ್ ಕಾಯಬೇಕು. ಕ್ರೇನ್ ಬೇರೆ ಪಿಟ್ಟಿನಲ್ಲಿತ್ತು. ಶಾಫ್ಟ್ ಕಳಚಿ ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಆ ಹುಡುಗಿ ಗಾಡಿಯನ್ನು ಒಂದು ಸುತ್ತು ಹಾಕಿ ಬಂದಳು.

"ಅಣ್ಣಾರ, ಬಾಡಿ ಪೂರ್ತಿ ಕುಂತಿಲ್ರಿ."

ಬಾಡಿಗೂ ಚಾಸಿಗೂ ನಡುವೆ ಹಸಿ ಅದಿರು ಸಿಕ್ಕಿ ಗಟ್ಟಿಯಾಗಿ, ಬಾಡಿ ನಾಲ್ಕು ಬೆರಳು ಮೇಲೇ ನಿಂತಿತ್ತು. ಇಂಥ ಡಂಪರ್‌ಗಳಲ್ಲಿ ಬಾಡಿ ಎದ್ದಿದೆಯೋ ಕೂತಿದೆಯೋ ಎಂದು ನೋಡುವ ಸ್ವಿಚ್ ಇರುತ್ತದೆ. ಎದ್ದ ಬಾಡಿಯಲ್ಲಿ ವೇಗವಾಗಿ ಓಡಿದರೆ ಕರೆಂಟ್ ತಂತಿಗೆ ತಾಗೀತು, ಗಾಡಿ ಮಗುಚೀತು ಎಂದು ಕಂಟ್ರೋಲರ್ ಮೇಲಿನ ಗೇರು ಕೊಡುವುದಿಲ್ಲ. ಗೇರ್‌ಬಾಕ್ಸ್ ಪಾಪ ಹೇಳಿದ ಮಾತು ಕೇಳಿಕೊಂಡು ತೆಪ್ಪಗಿತ್ತು. ಹಾರೆಯಿಂದ ಅದಿರು ಕೆರೆದು ಹಾಕಿದರು, ಬಾಡಿ ಕೂತಿತು. ಶಾಫ್ಟ್ ಮತ್ತೆ ಕಟ್ಟಿದ ಮೇಲೆ ಡಂಪರ್ ಏಳೂ ಗೇರಿನಲ್ಲಿ ಓಡಿತು. ಸಾಹೇಬರು ಇಳಿಸಪ್ಪನವರ ಮುಖ ನೋಡಿದರು.

"ಇಳಿಸ್ಬೇಕು ಅಂತ ನಾ ಮೊದ್ಲೇ ಹೇಳಿದ್ನಿಲ್ರಿ?" ಎಂದು ಅವರು ಕೈ ಒರೆಸಿಕೊಂಡರು.

ಹಾಗೆಂದು ಅವರನ್ನು ದಡ್ಡರೆಂದುಕೊಂಡರೆ ತಪ್ಪಾದೀತು. ಗೇರ್‌ಬಾಕ್ಸ್ ನಿಜವಾಗಿ ಹೋದ ದಿನ ಅವರ ಕೈ ನೋಡಬೇಕು. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕದೆ ಜೋಡಿಸುವುದಿಲ್ಲ, ಸೀಲಿನ ಮೇಲೆ ಧೂಳಿನ ಕಣ ಬೀಳಗೊಡುವುದಿಲ್ಲ, ಎಳೆಯ ಹುಡುಗರು ಸುತ್ತಿಗೆ ಎತ್ತಿದರೆ ಬೈದು ಓಡಿಸುತ್ತಾರೆ. ಕಟ್ಟಿದ ಮೇಲೆ ಅದು ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ನನಗೆ ತೋರುವುದು ಇಷ್ಟು: ಇಷ್ಟು ಚೆನ್ನಾಗಿ ಕಟ್ಟಲು ಬರುವವನಿಗೆ ಬಿಚ್ಚದೆ ಇರುವುದು ಕಷ್ಟ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಿದರೆ ಒಳಗಿನ ಕಥೆ ಹೊರಗೇ ತಿಳಿಯುತ್ತದೆ: ಕಂಚಿನ ಪುಡಿಯಿದ್ದರೆ ಕ್ಲಚ್ಚಿನ ಮೇಲೆ ಅನುಮಾನ, ಅಲ್ಯೂಮಿನಿಯಂ ಇದ್ದರೆ ಕನ್ವರ್ಟರ್ ಮೇಲೆ, ರಬ್ಬರ್ ಚೂರಿದ್ದರೆ ಸೀಲು ಅಥವಾ ಹೋಸು. ಅವರಿಗೆ ಇದೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಫಿಲ್ಟರನ್ನು ಯಾರೂ ನೋಡುವ ಮುಂಚೆ ಡ್ರಮ್ಮಿಗೆ ಎಸೆಯುತ್ತಾರೆ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಡಂಪರ್‌ಗಳೆಲ್ಲ ಸಾಲಾಗಿ ನಿಂತವು. ಓಡದ ಗಾಡಿ ಕೆಡುವುದೂ ಇಲ್ಲ. ಆ ದಿನಗಳಲ್ಲಿ ಮನೆಯವರು ಮಿಕ್ಸಿಯನ್ನೂ ಸ್ಕ್ರೂಡ್ರೈವರನ್ನೂ ಅವರ ಕಣ್ಣಿಗೆ ಬೀಳದಂತೆ ಇಟ್ಟಿದ್ದರಂತೆ. ಮುಂದೆ ಕೆಲವು ಗಣಿಗಳಿಗೆ ಮತ್ತೆ ಅಪ್ಪಣೆ ಸಿಕ್ಕಿತು. ನಿಂತಲ್ಲೇ ಒಣಗಿದ ಸೀಲುಗಳು ಸೋರತೊಡಗಿದವು, ವಾಲ್ವುಗಳು ಅಂಟಿಕೊಂಡವು. ಅದು ಇಳಿಸಪ್ಪನವರ ಸುವರ್ಣಯುಗ. ಅಂದು ಅವರು ಹೇಳಿದ್ದರಲ್ಲಿ ಬಹುಪಾಲು ನಿಜವೂ ಆಗಿ, ಈಗಿನ ಅವರ ಧೈರ್ಯಕ್ಕೆ ಅದೇ ಬಂಡವಾಳವಾಗಿದೆ.

ಈಗ ಅವರಿಗೆ ಒಂದೇ ಚಿಂತೆ, ಎಲೆಕ್ಟ್ರಿಕ್ ಡ್ರೈವ್. ನಮ್ಮ ಬಿಇಎಂಎಲ್ ತಯಾರಿಸಿದ 205 ಟನ್ನಿನ ಬಿಎಚ್205-ಇ ಡಂಪರಿನಲ್ಲಿ ಡೀಸೆಲ್ ಎಂಜಿನ್ ಆಲ್ಟರ್ನೇಟರ್ ತಿರುಗಿಸಿ, ಆ ಕರೆಂಟಿನಿಂದ ಮೋಟಾರುಗಳು ಹಿಂಚಕ್ರಗಳನ್ನು ತಿರುಗಿಸುತ್ತವೆ. ಏಳು ಗೇರಿಲ್ಲ, ಟಾರ್ಕ್ ಕನ್ವರ್ಟರಿಲ್ಲ. "ಗೇರ್‌ಬಾಕ್ಸೇ ಇಲ್ಲಂದ್ರ ಗಾಡಿ ಕೆಟ್ರ ಏನ್ ಮಾಡ್ತಾರಂತ?" ಎಂದು ಅವರು ಚಹಾದಂಗಡಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾರೆ. ಅಂಥ ಡಂಪರಿನಲ್ಲೂ ಮೋಟಾರಿಗೂ ಚಕ್ರಕ್ಕೂ ನಡುವೆ ವೇಗ ತಗ್ಗಿಸುವ ಪ್ಲಾನೆಟರಿ ಗೇರುಗಳು ಇರುತ್ತವೆ. ಬೇಕೆಂದರೆ ಅವನ್ನೂ ಬಿಚ್ಚಿ ಇಳಿಸಬಹುದು. ಈ ಸಂಗತಿಯನ್ನು ಅವರಿಗೆ ಇನ್ನೂ ಯಾರೂ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.