ಕೋಟೆಗೆ ರೈಲಿನಲ್ಲೇ ಹೋಗಬೇಕು

ಗಜೇಂದ್ರಗಡದ ಕೋಟೆಗೆ ಇರುವ ದೊಡ್ಡ ದೋಷವೆಂದರೆ ಅಲ್ಲಿಗೆ ರೈಲಿಲ್ಲ. ಉಳಿದದ್ದೆಲ್ಲ ಇದೆ. ಎತ್ತರದ ಗುಡ್ಡ, ಮೆಟ್ಟಿಲು, ಘೋರ್ಪಡೆಯವರ ಕಥೆ ಎಲ್ಲ ಇವೆ. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಆದ ಒಪ್ಪಂದಕ್ಕೆ ಊರಿನ ಹೆಸರೇ ನಿಂತಿದೆ. ಆದರೆ ಲಕ್ಕಲಕಟ್ಟಿಯವರಾದ ನಮಗೆ ಸಂತೆಗೆ ಹೋದರೂ ಅದೇ ಕೋಟೆ, ಸೀರೆ ತರಲು ಹೋದರೂ ಅದೇ ಕೋಟೆ, ಹಲ್ಲು ಕೀಳಿಸಲು ಹೋದರೂ ಅದೇ ಕೋಟೆ. ಪುಕ್ಕಟೆ ಕಣ್ಣಿಗೆ ಬೀಳುವುದನ್ನು ಯಾರು ನೋಡುತ್ತಾರೆ? ನಾನಂತೂ ನೋಡಿದವನಲ್ಲ.

ನನ್ನ ತಲೆ ಕೆಡಿಸಿದವನು ಒಸಾಕಾದಲ್ಲಿ ನೌಕರಿ ಮಾಡುವ ತಂಗಿಯ ಮಗ. ಹಿಮೇಜಿ ಕೋಟೆಗೆ ಹೋಗಿ ಬಂದ ವಿಡಿಯೊ ಕಳಿಸಿದ. ಬುಲೆಟ್ ರೈಲಿನಲ್ಲಿ ಅರ್ಧ ತಾಸು. ಸ್ಟೇಶನ್ನಿನಿಂದ ಹೊರಬಿದ್ದರೆ ನೆಟ್ಟಗೊಂದು ರಸ್ತೆ, ರಸ್ತೆಯ ತುದಿಗೆ ಬೆಳ್ಳನೆಯ ಕೋಟೆ. ನಡುವಿನ ದೊಡ್ಡ ಗೋಪುರ ಮುಗಿದದ್ದು 1609ರಲ್ಲಿ; ಒಳಗೆಲ್ಲ ಮರ, ಹೊರಗೆ ಸುಣ್ಣದ ಗಾರೆ. ಅದಕ್ಕೇ ಅವರು ಅದನ್ನು ಬೆಳ್ಳಕ್ಕಿಯ ಕೋಟೆ ಅನ್ನುವುದು. ಆ ಗಾರೆ, ಹೆಂಚು ರಿಪೇರಿಗೆ 2015ರವರೆಗೆ ವರ್ಷಗಟ್ಟಲೆ ಕೆಲಸ ನಡೆಯಿತು ಎಂದು ಹುಡುಗ ಹೇಳಿದಾಗ ನನ್ನಾಕೆ ನಕ್ಕಳು.

"ನಮ್ಮ ಕಾಲಕಾಲೇಶ್ವರನ ಗುಡಿಯಾಗ ಯುಗಾದಿ ಮುಂದ ಸುಣ್ಣಾ, ಹುಕ್ಕಾ ಇಟ್ಟು ಬಂದ್ರ ರಾತ್ರೋರಾತ್ರಿ ಗೋಪುರಕ್ಕ ತಾನ ಸುಣ್ಣ ಹತ್ತತೈತಂತ. ಆ ಜಪಾನಿನವರಿಗೂ ಒಂದು ಹುಕ್ಕಾ ಕಳಸ್ರಿ."

ನನ್ನ ಲಕ್ಷ್ಯ ಗಾರೆಯ ಮೇಲಿರಲಿಲ್ಲ. ಕೋಟೆ ಎಂದರೆ ರೈಲಿನಲ್ಲಿ ಹೋಗಿ, ಇಳಿದು, ನೋಡುವಂಥ ವಸ್ತು ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಹುಡುಕತೊಡಗಿದೆ. ನರಗುಂದಕ್ಕೆ ಕೋಟೆಯಿದೆ, 1858ರ ಬಾಬಾಸಾಹೇಬರ ಬಂಡಾಯವಿದೆ, ರೈಲಿಲ್ಲ. ಕುಷ್ಟಗಿಗೆ 2025ರಲ್ಲಿ ರೈಲು ಬಂತು, ಆದರೆ ನನಗೆ ಬೇಕಾದಂಥ ಕೋಟೆಯಿಲ್ಲ. ಎರಡೂ ಇರುವುದು ಬಾದಾಮಿಗೆ. ಹೊಳೆಆಲೂರಿನಲ್ಲಿ ಹತ್ತಿದರೆ ಹೆಚ್ಚುಕಡಿಮೆ ಅರ್ಧ ತಾಸಿನ ದಾರಿ. ಹಿಮೇಜಿಗೂ ಅರ್ಧ ತಾಸು! ಅಷ್ಟರಲ್ಲಿ ಅವರ ರೈಲು ಎಷ್ಟು ದೂರ ಓಡುತ್ತದೆ ಎಂಬ ಮಾತು ಇಲ್ಲಿ ಬೇಡ.

"ಗಜೇಂದ್ರಗಡದಾಗ ಬಾದಾಮಿ ಬಸ್ ಹತ್ತಿದ್ರ ಮುಗೀತಲ್ರಿ?" ಅಂದಳು ಈಕೆ.

"ಬಸ್ಸಿನ್ಯಾಗ ಹೋಗಿ ನೋಡಿದ್ರ ಅದು ಕೋಟಿ ನೋಡಿದಂಗಲ್ಲ," ಅಂದೆ. ಇದಕ್ಕೆ ಆಧಾರ ಕೇಳಬೇಡಿ. ಆಕೆಯೂ ಕೇಳಲಿಲ್ಲ, ಬುತ್ತಿ ಕಟ್ಟಿದಳು.

ಗಜೇಂದ್ರಗಡ, ಅಲ್ಲಿಂದ ರೋಣ, ಅಲ್ಲಿಂದ ಹೊಳೆಆಲೂರು. ರೈಲು ಹತ್ತಲು ಬಸ್ಸಿನ ಮೇಲೆ ಬಸ್ಸು ಹತ್ತಿದ್ದಾಯಿತು.

ವಿಡಿಯೊದಲ್ಲಿ ನನಗೆ ಬಹಳ ಹಿಡಿಸಿದ್ದು ಅವರ ಪ್ಲಾಟ್‌ಫಾರ್ಮು. ಬಾಗಿಲು ಎಲ್ಲಿ ಬರುತ್ತದೋ ಅಲ್ಲಿ ನೆಲದ ಮೇಲೆ ಗೆರೆ. ಗೆರೆಯ ಹಿಂದೆ ಜನ ತುಟಿ ಪಿಟಕ್ಕೆನ್ನದೆ ಪಾಳಿ ಹಚ್ಚಿರುತ್ತಾರೆ. ಹೊಳೆಆಲೂರಿನಲ್ಲಿ ಗೆರೆ ಸಿಗದೆ, ಕಲ್ಲಿನ ಒಂದು ಬಿರುಕನ್ನೇ ಗೆರೆಯೆಂದು ನಿಶ್ಚಯಿಸಿ ಅದರ ಹಿಂದೆ ನಿಂತೆ. ನನ್ನ ಹಿಂದೆ ಈಕೆಯನ್ನು ನಿಲ್ಲಿಸಿದೆ. ಉಳಿದ ಜನವೆಲ್ಲ ನೆರಳಿನಲ್ಲಿ ಗಂಟಿನ ಮೇಲೆ ಕೂತಿದ್ದರು. ಬಿಸಿಲಿನಲ್ಲಿ, ಖಾಲಿ ಹಳಿಗೆ ಮುಖ ಮಾಡಿ, ಇಬ್ಬರದೊಂದು ಪಾಳಿ.

ಧೋತರದ ಅಜ್ಜನೊಬ್ಬ ಎದ್ದು ಬಂದ. "ಏನ್ ಕೊಡಾಕತ್ತಾರ್ರೀ ಇಲ್ಲಿ?"

"ಏನೂ ಇಲ್ಲ ಅಜ್ಜಾರ, ರೈಲಿಗೆ ನಿಂತೀವಿ."

"ರೈಲು ಎಲ್ಲಾರಿಗೂ ಬರತೈತಿ. ಅದಕ್ಯಾಕ ಪಾಳಿ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಖಾತ್ರಿಯಾಗಿ ಈಕೆಯ ಹಿಂದೆ ನಿಂತುಕೊಂಡ.

ಮೂವರಾದ ಮೇಲೆ ಪಾಳಿ ತಾನಾಗಿ ಬೆಳೆಯುತ್ತದೆ, ಯಾರೂ ನೀರು ಹಾಕಬೇಕಿಲ್ಲ. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಬಂದರು. "ಅಕ್ಕಿ ಏನು?" ಅಂತ ಒಬ್ಬಳು. "ಅಲ್ಲಂತ, ಆಧಾರಂತ," ಅಂತ ಇನ್ನೊಬ್ಬಳು. ಅದನ್ನು ಕೇಳಿದ ಒಬ್ಬಾತ ರೇಶನ್ ಕಾರ್ಡು ತರಲು ಮಗನನ್ನು ಮನೆಗೆ ಓಡಿಸಿದ. ಮೊಬೈಲು ಹಿಡಿದ ಹುಡುಗನೊಬ್ಬ ಸ್ವಲ್ಪ ಹೊತ್ತು ನಿಂತು, "ಸರ್ವರ್ ಡೌನ್ ಐತಂತ," ಎಂದು ಅಧಿಕೃತವಾಗಿ ಘೋಷಿಸಿದ. ಯಾರಿಗೂ ಆಶ್ಚರ್ಯವಾಗಲಿಲ್ಲ. ಅಷ್ಟರಲ್ಲಿ ಯಾರೋ ನ್ಯಾಯ ತೆಗೆದರು: "ಹೆಣ್ಮಕ್ಕಳ ಪಾಳಿ ಬ್ಯಾರೆ ಮಾಡ್ರಿ!" ಪಾಳಿ ಎರಡಾಯಿತು. ಹೆಂಗಸರ ಪಾಳಿಗೆ ನನ್ನಾಕೆಯೇ ಮುಂದಾಳು. ಅಲ್ಲಿಯತನಕ ಮುಖ ಗಂಟು ಹಾಕಿಕೊಂಡಿದ್ದವಳು, ನಡುವೆ ನುಗ್ಗಿದವಳೊಬ್ಬಳನ್ನು ರಟ್ಟೆ ಹಿಡಿದು ಕೊನೆಗೆ ಕಳಿಸಿದಳು. ಚುರುಮುರಿಯವನು ಪಾಳಿಯ ತುದಿಗೆ ಬುಟ್ಟಿ ಇಳಿಸಿದ.

ಸ್ಟೇಶನ್ನಿನ ಸಿಬ್ಬಂದಿಯೊಬ್ಬರು ಬಂದು, "ಯಾರ್ರೀ ಇದನ್ನ ನಡಸೂವ್ರು?" ಅಂದರು. ಅಷ್ಟೂ ಕೈಗಳು ನನ್ನ ಕಡೆ ತಿರುಗಿದವು.

"ಜಪಾನಿನ ಪದ್ಧತಿ ರೀ," ಅಂದೆ ಮೆಲ್ಲಗೆ.

ಅಜ್ಜ ಹಿಂದಕ್ಕೆ ತಿರುಗಿ ಜೋರಾಗಿ ಒದರಿದ: "ಜಪಾನ್ ಸರ್ಕಾರದವರು ಕೊಡಾಕತ್ತಾರಂತ!"

ಆ ಕ್ಷಣ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಆದರೂ ಹಿಂದೆ ತಿರುಗಿ ಅಷ್ಟುದ್ದದ ಪಾಳಿ ನೋಡಿದಾಗ ಎದೆ ಸ್ವಲ್ಪ ಉಬ್ಬಿತು ಎಂಬುದನ್ನೂ ಹೇಳಬೇಕು. ಇಡೀ ಜಪಾನು ನನ್ನ ಬೆನ್ನ ಹಿಂದಿತ್ತು.

ರೈಲು ಬಂತು, ನಿಂತಿತು. ನನ್ನ ಬಿರುಕಿನ ಎದುರಿಗೆ ಸರಿಯಾಗಿ ಬಂದು ನಿಂತದ್ದು ಎರಡು ಡಬ್ಬಿಗಳ ನಡುವಿನ ಸಂದು. ಬಾಗಿಲು ಆ ಕಡೆ ಅಷ್ಟು ದೂರ, ಈ ಕಡೆ ಇಷ್ಟು ದೂರ. ಜಪಾನು ಒಂದೇ ಉಸಿರಿಗೆ ಚೆಲ್ಲಾಪಿಲ್ಲಿಯಾಯಿತು. ಪಾಳಿಯ ಮೊದಲಿಗರಾದ ನಾವಿಬ್ಬರು ಕೊನೆಗೆ ಹತ್ತಿದೆವು. ಅಜ್ಜ ಆಗಲೇ ಕಿಟಕಿ ಹಿಡಿದು ಕೂತಿದ್ದ. "ಬರ್ರಿ ಸರ, ನಿಮ್ಮ ಪಾಳಿ ಬಂತು," ಎಂದು ಅಂಗೈಯಗಲ ಜಾಗ ಬಿಟ್ಟುಕೊಟ್ಟ.

ಮಲಪ್ರಭೆ ದಾಟುವಾಗ ನಗು ನಿಂತಿತು. ಈ ಗದಗ–ಹೊಟಗಿ ಹಳಿ 1884ರದು, ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. 1876ರಿಂದ 78ರವರೆಗಿನ ಧಾತು ಬರದಲ್ಲಿ ಈ ಸೀಮೆಯ ಜನ ಹಸಿವಿನಿಂದ ಸತ್ತ ಮೇಲೆ, ಇನ್ನೊಂದು ಬರ ಬಂದರೆ ಕಾಳು ಸಾಗಿಸಲು ದಾರಿಯಿರಲಿ ಎಂದು ಯೋಚಿಸಿ ಹಾಕಿದ ಮಾರ್ಗ. "ಅಕ್ಕಿ ಏನು?" ಎಂದವಳನ್ನು ನೋಡಿ ಒಳಗೊಳಗೇ ನಕ್ಕಿದ್ದೆನಲ್ಲ, ಆ ಹಳಿಯ ಪಕ್ಕ ನಿಂತು ಕೇಳುವ ಸರಿಯಾದ ಪ್ರಶ್ನೆಯನ್ನು ಕೇಳಿದವಳು ಆಕೆಯೊಬ್ಬಳೇ. ಕೋಟೆ ನೋಡಲು ಪಾಳಿ ಹಚ್ಚಿದವನು ನಾನು.

ಬಾದಾಮಿ ಸ್ಟೇಶನ್ನಿನಿಂದ ಹೊರಬಂದರೆ ರಸ್ತೆಯ ತುದಿಗೆ ಕೋಟೆಯೇನೂ ಕಾಣುವುದಿಲ್ಲ. ಊರೇ ಕೆಲವು ಮೈಲಿ ಆಚೆಗಿದೆ, ಆಟೋ ಹಿಡಿಯಬೇಕು. ಮ್ಯೂಸಿಯಮ್ಮಿನ ಪಕ್ಕದಿಂದ, ಎರಡು ಕೆಂಪು ಬಂಡೆಗಳ ಸಂದಿಯಲ್ಲಿ ಹಾದು, ಮೇಲಕ್ಕೆ ಹತ್ತಿದೆವು. ಹಿಮೇಜಿಯಲ್ಲಿ ಬೂಟು ಬಿಚ್ಚಿ ಚೀಲದಲ್ಲಿ ಹಿಡಿದು ನಡೆಯುತ್ತಾರೆ ಎಂದು ನೆನಪಾಯಿತು, ಕಾದ ಬಂಡೆಗೆ ಅಂಗಾಲು ತಾಗಿಸಿ ನೋಡಿ ಆ ಪದ್ಧತಿಯನ್ನು ಜಪಾನಿಗೇ ಬಿಟ್ಟೆ. ಬುತ್ತಿಯನ್ನು ಮಂಗಗಳು ಒಯ್ದವು. ಕೆಳಗೆ ಅಗಸ್ತ್ಯತೀರ್ಥ, ಮೇಲೆ ದುಂಡನೆಯ ಹಳೆಯ ಕಣಜಗಳು. ಕಾಳಿನ ಚಿಂತೆ ಇಲ್ಲಿಯೂ ತಪ್ಪಿದ್ದಲ್ಲ.

543ರಲ್ಲಿ ಒಂದನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆ ಮಾಡಿದೆನೆಂದು ಬಂಡೆಯ ಮೇಲೆ ಬರೆಸಿದ. ನೂರು ವರ್ಷ ಕಳೆಯುವುದರಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮ ಊರನ್ನು ಗೆದ್ದ. ಇಬ್ಬರಿಗೂ ಇಲ್ಲದ ಧೈರ್ಯ ಈಗಿನ ಹುಡುಗರಿಗಿದೆ. ಕೋಟೆಯ ಗೋಡೆಯ ತುಂಬ ಹೃದಯಗಳು, ಹೃದಯದಲ್ಲಿ ಬಾಣ, ಬಾಣದ ಎರಡೂ ಕಡೆ ಹೆಸರು. ಕಲ್ಲಿನ ಮೇಲೆ ಹೆಸರು ಬರಬೇಕಾದರೆ ಪುಲಕೇಶಿ ಕೋಟೆಯನ್ನೇ ಕಟ್ಟಬೇಕಾಯಿತು. ಇವರಿಗೆ ಒಂದು ಮೊಳೆ ಸಾಕು. ನಾನು ಒಬ್ಬನಿಗೆ ಗದರಿಸಿದೆ. "ನಿಮ್ಮ ಕೋಟೇನ ರೀ ಅಂಕಲ್?" ಅಂದ. ಹೌದು ಅನ್ನಬೇಕಿತ್ತು, ಹೊಳೆಯಲಿಲ್ಲ.

ಬರುವಾಗ ಬಸ್ಸಿನಲ್ಲೇ ಬಂದೆವು. ಟಿಕೆಟ್ ತೆಗೆಸಿದವಳು ನನ್ನಾಕೆ. ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಗೆದ್ದಳು.

ಮುಂದಿನ ವಾರ ಗಜೇಂದ್ರಗಡದ ಕೋಟೆ ಹತ್ತಿದೆ. ಹುಟ್ಟಿದಾಗಿನಿಂದ ಕೆಳಗೇ ಓಡಾಡಿದವನಿಗೆ ಮೇಲೆ ಇಷ್ಟು ಗಾಳಿಯಿದೆ ಎಂದೇ ಗೊತ್ತಿರಲಿಲ್ಲ. ಅಲ್ಲಿಯೂ ಹೃದಯಗಳಿವೆ, ಬಾಣಗಳಿವೆ, ಒಡೆದ ಬಾಟಲಿಗಳಿವೆ. ನೀವೂ ಬನ್ನಿ. ಬಿಸಿಲೇರುವ ಮುಂಚೆ ಹತ್ತಿ, ಕುಡಿಯಲು ನೀರು ತನ್ನಿ, ಬಾಟಲಿ ವಾಪಸು ಒಯ್ಯಿರಿ, ನಿಮ್ಮ ಹೆಸರನ್ನು ಆಧಾರ್ ಕಾರ್ಡಿನಲ್ಲೇ ಇರಗೊಡಿ.