ಕೋರಂ ನೂರು ಜನ, ತೆರಿಗೆ ಎಲ್ಲರಿಗೂ

“ಮಾಸ್ಟ್ರೇ, ಮನೆ ತೆರಿಗೆ ಕಟ್ಟಿ ಬಂದೆ. ಗ್ರಾಮಸಭೆಗೆ ನಮ್ಮ ವಾರ್ಡಿನಿಂದ ಹೋದವರು ನಾಲ್ಕೈದು ಜನ ಅಂತೆ. ಅವರು ಕೈ ಎತ್ತಿದ್ದಕ್ಕೆ ನಾನು ಯಾಕೆ ಹಣ ಕೊಡ್ಬೇಕು? ಇದು ನ್ಯಾಯವಾ, ನೀವೇ ಹೇಳಿ.”

ಬೇಲಿಯಾಚೆಯ ಅಕ್ಕ ಕೇಳಿದ್ದು ಇಷ್ಟೇ. ಮಡಿಲಲ್ಲಿ ಬೀಡಿಯ ತಡ್ಪೆ, ಎಲೆ ಸುತ್ತುವ ಕೈ ನಿಲ್ಲಲಿಲ್ಲ. ಸಿದ್ಧಕಟ್ಟೆ ಕಡೆಯ ನಮ್ಮ ಈ ಬೇಲಿಯಲ್ಲಿ ಮಳೆ, ಅಡಿಕೆ ಧಾರಣೆ, ಮಂಗಗಳ ಕಾಟ ಎಲ್ಲ ಮಾತಾಡಿ ಮುಗಿಸಿದವರು ನಾವು. ತೆರಿಗೆಯ ಮಾತು ಬಂದದ್ದು ಇದೇ ಮೊದಲು, ಬಂದದ್ದು ಒಳ್ಳೆಯದೇ ಆಯಿತು.

“ಅಕ್ಕ, ಮೊದಲು ಒಂದು ವಿಷಯ. ಗ್ರಾಮಸಭೆಯಲ್ಲಿ ಕೈ ಎತ್ತಿದವರು ನಿಮ್ಮ ತೆರಿಗೆ ನಿಗದಿ ಮಾಡಿದ್ದಲ್ಲ” ಎಂದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಸರ್ಕಾರ ಗರಿಷ್ಠ ದರವನ್ನು ಹಾಕಿಟ್ಟಿದೆ. ಅದರೊಳಗೆ ಎಷ್ಟು ಎಂದು ನಿರ್ಣಯ ಮಾಡುವವರು ನಾವು ಆರಿಸಿದ ಸದಸ್ಯರು. ಗ್ರಾಮಸಭೆ ಇರುವುದು ಕೇಳಲಿಕ್ಕೆ, ಹೇಳಲಿಕ್ಕೆ, ಯಾವ ಕೆಲಸ ಮೊದಲು ಆಗಬೇಕು ಎಂದು ಪಟ್ಟಿ ಮಾಡಲಿಕ್ಕೆ. ಅದಕ್ಕೆ ಕೋರಂ ಅಂತ ಉಂಟು: ಗ್ರಾಮದ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಸಾವಿರಾರು ಮತದಾರರಿರುವ ಗ್ರಾಮಕ್ಕೂ ನೂರು ಜನ ಸಾಕು. ಆ ನೂರು ಸಹ ತುಂಬುವುದಿಲ್ಲ. ಇಲಾಖೆಯ ಅಧಿಕಾರಿಗಳು ಬರಲಿಲ್ಲ ಎಂದು ಜನ ಗಲಾಟೆ ಮಾಡಿ ಸಭೆ ಮುಂದೂಡುವುದೂ ನಮ್ಮ ಕಡೆ ಹೊಸತಲ್ಲ.

ಅಕ್ಕ ರಶೀದಿಯನ್ನು ಬೇಲಿಯ ಮೇಲಿಂದ ಚಾಚಿದರು. “ಇದೆಂತ ಇಷ್ಟೆಲ್ಲ ಕರ? ಭಿಕ್ಷುಕರ ಕರ ಅಂತ ಸಹ ಉಂಟಲ್ಲ?”

ಉಂಟು. ಮನೆ ತೆರಿಗೆ ನೂರು ರೂಪಾಯಿ ಆದರೆ ಅದರ ಮೇಲೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಒಟ್ಟು 34 ರೂಪಾಯಿ. ಇದು ಪಂಚಾಯತಿನವರ ತೀರ್ಮಾನ ಅಲ್ಲ. ಆರೋಗ್ಯ ಕರದ ಕಾಯ್ದೆ 1962ರದ್ದು, ಗ್ರಂಥಾಲಯದ್ದು 1965ರದ್ದು, ಭಿಕ್ಷಾಟನೆ ನಿಷೇಧದ್ದು 1975ರದ್ದು. ಅಂದು ವಿಧಾನಸೌಧದಲ್ಲಿ ಕೂತವರು ಒಪ್ಪಿದ್ದನ್ನು ಇಂದು ನಮ್ಮ ಬಿಲ್ ಕಲೆಕ್ಟರ್ ವಸೂಲು ಮಾಡುತ್ತಾರೆ. ಆ ಕಾಯ್ದೆಗಳಾಗುವಾಗ ಅಕ್ಕನಿಗೆ ಓಟಿನ ಪ್ರಾಯವೇ ಆಗಿರಲಿಲ್ಲ.

“ನಿಮ್ಮ ತಡ್ಪೆಯಲ್ಲಿರುವ ಬೀಡಿಯನ್ನೇ ನೋಡಿ” ಎಂದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ. 28, ಎಲೆಗೆ ಶೇ. 18 ಬಿತ್ತು. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಬೀಡಿಯಿಂದ. ಆ ದರ ನಿರ್ಧರಿಸಿದ ಜಿಎಸ್‌ಟಿ ಮಂಡಳಿಯಲ್ಲಿ ಇಡೀ ಕರ್ನಾಟಕದ ಪರವಾಗಿ ಕೂತದ್ದು ಒಬ್ಬ ಮಂತ್ರಿ. ಮೂರರಲ್ಲಿ ಒಂದು ಪಾಲು ಮತದ ತೂಕ ಕೇಂದ್ರದ್ದು, ಉಳಿದ ಎರಡು ಪಾಲು ಎಲ್ಲ ರಾಜ್ಯಗಳದ್ದು ಸೇರಿ. 2025ರ ಸೆಪ್ಟೆಂಬರಿನಲ್ಲಿ ಬೀಡಿಯ ದರವನ್ನು 18ಕ್ಕೆ, ಎಲೆಯದ್ದನ್ನು 5ಕ್ಕೆ ಇಳಿಸುವ ತೀರ್ಮಾನ ಆದದ್ದೂ ಅಲ್ಲೇ. ಏರಿಸುವಾಗ ಅಕ್ಕನನ್ನು ಯಾರೂ ಕೇಳಿರಲಿಲ್ಲ, ಇಳಿಸುವಾಗಲೂ ಕೇಳಲಿಲ್ಲ.

“ಹಾಗಾದ್ರೆ ಎಲ್ಲ ಕಡೆ ನಾಲ್ಕೈದು ಜನರದ್ದೇ ನಡೆಯುದಾ?”

ಲೆಕ್ಕಕ್ಕೆ ಹಾಗೆಯೇ. ಆದರೆ ನಮ್ಮ ಊರಿನವರು ಓಟು ಹಾಕದವರಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರು ನಗರದಲ್ಲಿ ಮತದಾನ ಅರ್ಧವನ್ನು ದಾಟಿದ್ದೇ ಕಷ್ಟದಲ್ಲಿ. ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ಹಾಕಿದ್ದಾರೆ. ಎಂಎಲ್‌ಎ ಯಾರಾಗಬೇಕು ಎಂದು ಉರಿಬಿಸಿಲಲ್ಲಿ ಸಾಲು ನಿಲ್ಲುವವರು, ನಮ್ಮ ಬಾಗಿಲಿನ ಚರಂಡಿಗೂ ದಾರಿದೀಪಕ್ಕೂ ಎಷ್ಟು ಕೊಡಬೇಕು ಎಂಬ ಮಾತಿಗೆ ಬರುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಯಾಕೆಂದರೆ ಇದೇ ನೆಲದಲ್ಲಿ ಓಟೇ ಇಲ್ಲದ ಕಾಲದಲ್ಲಿ ತೆರಿಗೆಯ ಮಾತಿಗೆ ಜನ ಸೇರಿದ್ದರು. 1830–31ರಲ್ಲಿ ಕೆನರಾ ಜಿಲ್ಲೆಯ ರೈತರು ಅಲ್ಲಲ್ಲಿ ಕೂಟ ಕಟ್ಟಿದರು: ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ, ನಮ್ಮ ಬಂಟ್ವಾಳದ ಕಡೆ ಸಹ. ಧಾನ್ಯದ ಬೆಲೆ ಬಿದ್ದಿತ್ತು, ಕಂಪನಿ ಸರ್ಕಾರದ ಕಂದಾಯ ಮಾತ್ರ ಇಳಿದಿರಲಿಲ್ಲ. ಕಂದಾಯ ಕಟ್ಟುವುದಿಲ್ಲ, ಮೊದಲು ನಮ್ಮ ಅಹವಾಲು ಕೇಳಿ ಎಂದು ಪಟ್ಟು ಹಿಡಿದು ಕೂತರು. ಇದರ ಮೇಲೆ ವಿಚಾರಣೆ ನಡೆದು ಸ್ಟೋಕ್ಸ್ ಎಂಬ ಅಧಿಕಾರಿ 1833ರಲ್ಲಿ ವರದಿಯನ್ನೇ ಬರೆಯಬೇಕಾಯಿತು. ನಾಲ್ಕು ವರ್ಷ ಕಳೆದು 1837ರಲ್ಲಿ ಅಮರಸುಳ್ಯದ ದಂಗೆ. 1834ರಲ್ಲಿ ಕೊಡಗಿನಿಂದ ಬಿಡಿಸಿಕೊಂಡ ಸುಳ್ಯ, ಪುತ್ತೂರಿನ ಸೀಮೆಯಲ್ಲಿ ಅಲ್ಲಿಯವರೆಗೆ ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಕಂಪನಿಯವರು ನಗದಾಗಿ ಕೇಳಿದ್ದು ಜನರನ್ನು ಎಬ್ಬಿಸಿದ ಕಾರಣಗಳಲ್ಲಿ ಒಂದು. ಅವರು ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರಿಗೆ ಹೋಗಿ ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಅವರ ಜೊತೆಗೂಡಿದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಕಂಪನಿಯವರು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಕೇಳಿದ್ದಕ್ಕೆ ಕುತ್ತಿಗೆ ಕೊಟ್ಟವರು ಅವರು. ನಮಗೆ ಕೇಳಲಿಕ್ಕೆಂದೇ ಕಾನೂನಿನಲ್ಲಿ ಸಭೆ ಉಂಟು, ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಲೇಬೇಕು.

ಅಕ್ಕ ಸುತ್ತುವುದನ್ನು ನಿಲ್ಲಿಸಿದರು. “ಮಾಸ್ಟ್ರೇ, ನೀವು ಹೇಳುದು ಸರಿ. ಆದ್ರೆ ಸಭೆ ಇಡುದು ಯಾವಾಗ? ಬೆಳಿಗ್ಗೆ ಹತ್ತೂವರೆಗೆ. ಆಗ ನಾನು ಬೀಡಿ ಕೊಂಡೋಗಿ ಬ್ರಾಂಚಿಗೆ ಕೊಡ್ಬೇಕು. ನನ್ನ ಮಗ ಗಾರೆ ಕೆಲಸಕ್ಕೆ ಏಳು ಗಂಟೆಗೆ ಹೋಗ್ತಾನೆ. ಒಂದು ದಿನದ ಸಂಬಳ ಬಿಟ್ಟು ಬಂದು ಕೂತ್ಕೊಳ್ಳಿ ಅಂದ್ರೆ ಯಾರು ಕೂತ್ಕೊಳ್ತಾರೆ?”

ಇದಕ್ಕೆ ನನ್ನಲ್ಲಿ ಎದುರು ಮಾತಿರಲಿಲ್ಲ. ಬಾರದವರನ್ನೆಲ್ಲ ಆಸಕ್ತಿ ಇಲ್ಲದವರು ಎನ್ನುವುದು ಅನ್ಯಾಯ. ಹತ್ತೂವರೆಗೆ ಬಿಡುವಿರುವವರು ಪಿಂಚಣಿದಾರರು, ಗುತ್ತಿಗೆದಾರರು, ರಾಜಕೀಯದವರು. ಆ ಹೊತ್ತಿಗೆ ಸಭೆ ಕರೆದರೆ ಬೇಕಾದ ರಸ್ತೆಯ ಪಟ್ಟಿ ಅವರದ್ದೇ ಆಗುತ್ತದೆ.

ಪೇಟೆಯ ಕಥೆ ಬೇರೆ. ಅಕ್ಕನ ಮಗಳನ್ನು ಕೊಟ್ಟದ್ದು ಮೂಡುಬಿದಿರೆಗೆ, ಪುರಸಭೆಯ ಒಳಗೆ. ಅಲ್ಲಿ ಗ್ರಾಮಸಭೆಯೂ ಇಲ್ಲ. ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ. 3ರಿಂದ 5ರ ನಡುವೆ ಏರಿಸಬೇಕು ಎಂದು 2021ರ ತಿದ್ದುಪಡಿಯಲ್ಲಿ ರಾಜ್ಯವೇ ಬರೆದಿಟ್ಟಿದೆ. ಪುರಸಭೆಗೆ ಉಳಿದದ್ದು ಮೂರೋ ಐದೋ ಎಂಬ ಆಯ್ಕೆ. ಹೊಸ ತೆರಿಗೆ ಹಾಕುವುದಿದ್ದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗೆ ಮೂವತ್ತು ದಿನ ಕೊಡಬೇಕು ಎಂದು 1964ರ ಕಾಯ್ದೆ ಹೇಳುತ್ತದೆ. ಆ ಪ್ರಕಟಣೆ ಓದಿದವರು ಎಷ್ಟು ಮಂದಿ?

ಬಂಟ್ವಾಳದಲ್ಲಿ ಇನ್ನೊಂದು ನಡೆಯಿತು. 2018ರಲ್ಲಿ ಜನ ಓಟು ಹಾಕಿ ಪುರಸಭೆಗೆ ಸದಸ್ಯರನ್ನು ಆರಿಸಿದರು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿತು, 2020ರವರೆಗೆ ಅಧ್ಯಕ್ಷರೇ ಇಲ್ಲ, ಆಡಳಿತಾಧಿಕಾರಿಯದ್ದೇ ಆಡಳಿತ. ಗೆದ್ದವರು ಮನೆಯಲ್ಲಿ, ತೆರಿಗೆ ಮಾತ್ರ ನಿಲ್ಲಲಿಲ್ಲ. ಅಕ್ಕನ ತವರು ಬೆಳ್ತಂಗಡಿ. ಅಲ್ಲಿಯ ತಾಲೂಕು ಪಂಚಾಯತಿಗೂ ನಮ್ಮದಕ್ಕೂ 2016ರಲ್ಲಿ ಚುನಾವಣೆ ಆದದ್ದು. 2021ರಲ್ಲಿ ಅವಧಿ ಮುಗಿದು ಅಧಿಕಾರಿಗಳ ಕೈಗೆ ಹೋಯಿತು, ವರ್ಷಗಟ್ಟಲೆ ಚುನಾವಣೆ ಇಲ್ಲ. ನಾಲ್ಕು ಜನ ಬಂದರು ಎನ್ನುವುದಕ್ಕಿಂತ ನನಗೆ ಇದು ದೊಡ್ಡ ಅನ್ಯಾಯ. ಬಾರದವರು ನಾಳೆ ಬರಬಹುದು. ಬಾಗಿಲನ್ನೇ ತೆರೆಯದಿದ್ದರೆ ಬರುವುದಾದರೂ ಎಲ್ಲಿಗೆ?

“ಹಾಗಾದ್ರೆ ಕಟ್ಟದೆ ಇರ್ಬಹುದಲ್ಲ?” ಅಕ್ಕ ಪಟ್ಟು ಬಿಡಲಿಲ್ಲ.

“ಅದು ಆಗ್ಲಿಕ್ಕಿಲ್ಲ ಅಕ್ಕ. ಸಭೆಗೆ ಬಾರದವರು ಕಟ್ಟಬೇಕಾಗಿಲ್ಲ ಅಂತಾದರೆ, ಬಂದು ಕೂತು ಮಾತಾಡಿದವರ ತಲೆಯ ಮೇಲೆ ಇಡೀ ಊರಿನ ನೀರಿನ ಖರ್ಚು ಬೀಳ್ತದೆ. ಆಮೇಲೆ ಯಾರೂ ಬರುದಿಲ್ಲ.”

ಸ್ವಿಟ್ಜರ್ಲೆಂಡಿನ ಎಷ್ಟೋ ಊರುಗಳಲ್ಲಿ ಜನರೇ ಸಭೆ ಸೇರಿ ತಮ್ಮ ತೆರಿಗೆಯ ಪ್ರಮಾಣಕ್ಕೆ ಕೈ ಎತ್ತುತ್ತಾರೆ. ಅಲ್ಲಿಯೂ ಬರುವವರು ಮತದಾರರಲ್ಲಿ ಒಂದು ಸಣ್ಣ ಪಾಲು ಮಾತ್ರ. ಆದರೂ ಬಾರದವರು ಕಟ್ಟುತ್ತಾರೆ. ಸಭೆ ಸಂಜೆ ಇರುತ್ತದೆ, ಲೆಕ್ಕಪತ್ರ ಮೊದಲೇ ಸಿಗುತ್ತದೆ. ನಮ್ಮಲ್ಲಿಯೂ ಹಾಗೆ ಮಾಡಲು ಹೊಸ ಕಾನೂನು ಬೇಡ. ಪಂಚಾಯತಿನ ಲೆಕ್ಕವನ್ನು ಊರವರ ಎದುರು ಓದುವ ಜಮಾಬಂದಿ ಪ್ರತಿ ವರ್ಷ ಉಂಟು. ಈ ವರ್ಷ ಮನೆ ತೆರಿಗೆ ಎಷ್ಟು ಬಂತು, ಬಾಕಿ ಎಷ್ಟು, ದಾರಿದೀಪಕ್ಕೆ ಎಷ್ಟು ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದರೆ ಸಾಕು, ಮುಂದಿನ ಸಭೆಗೆ ಜನ ಕೇಳಿಕೊಂಡು ಬರುತ್ತಾರೆ. ಈಗಂತೂ ಸಾಲಕ್ಕೆ ನೈನ್ ಇಲೆವನ್ ಎಂಬ ಆಸ್ತಿ ದಾಖಲೆ ಬೇಕಾದಾಗ ಮಾತ್ರ ನಮಗೆ ಪಂಚಾಯತ್ ನೆನಪಾಗುವುದು.

ನನ್ನ ಮಟ್ಟಿಗೆ ತೆರಿಗೆಯ ನ್ಯಾಯ ತಲೆ ಎಣಿಸುವುದರಲ್ಲಿಲ್ಲ. ಹಾಕುವ ಮೊದಲು ಕಟ್ಟುವವರಿಗೆ ತಿಳಿಸಿದರಾ, ಅವರಿಗೆ ಆಗುವ ಹೊತ್ತಿನಲ್ಲಿ ಕೇಳಿದರಾ, ಖರ್ಚಾದ ಮೇಲೆ ಲೆಕ್ಕ ಕೊಟ್ಟರಾ? ಇದನ್ನೇ ಅಕ್ಕನಿಗೆ ಹೇಳಿದೆ.

ಅಕ್ಕ ತಡ್ಪೆಯನ್ನು ಪಕ್ಕಕ್ಕಿಟ್ಟು ಎದ್ದರು. “ಆಯ್ತು ಮಾಸ್ಟ್ರೇ, ಭಾನುವಾರ ಮಧ್ಯಾಹ್ನದ ಮೇಲೆ ಸಭೆ ಇಡಿ ಅಂತ ಪಿಡಿಒಗೆ ಒಂದು ಅರ್ಜಿ ಬರೀರಿ. ಬೀಡಿ ಬ್ರಾಂಚಿಗೆ ಬರುವವರ ಸಹಿ ನಾನು ಹಾಕಿಸ್ತೇನೆ. ಆ ಭಿಕ್ಷುಕರ ಕರ ಎಲ್ಲಿಗೆ ಹೋಗ್ತದೆ ಅಂತ ಸಹ ಅದರಲ್ಲೇ ಕೇಳಿ.”