ಒಂದು ಗೇಣು ಹಸಿ

ನಮ್ಮ ಮಾವನವರ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ನಾಲ್ಕಿಂಚು ಉದ್ದ, ಎರಡೂವರೆ ಇಂಚು ಅಗಲ, ಒಂದು ಮೊಳ ಎತ್ತರ. ಉಳಿದದ್ದೆಲ್ಲ ಎಕರೆ, ಗುಂಟೆಗಳ ಲೆಕ್ಕದಲ್ಲಿತ್ತು. ಅದನ್ನು ಭಾವಮೈದುನರು ಹಿರಿಯರ ಮುಂದೆ ಕೂತು, ಮೊದಲು ಜಗಳಾಡಿ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು ಹಂಚಿಕೊಂಡರು. ನನಗೆ ದಕ್ಕಿದ್ದು ಪಾಕೆಟ್ ಡೈರಿಗಳ ಕಟ್ಟು. ಗೊಬ್ಬರದ ಅಂಗಡಿಯವರೂ ದಲಾಲಿ ಮಂಡಿಯವರೂ ಹೊಸ ವರ್ಷಕ್ಕೆ ಪುಕ್ಕಟೆ ಕೊಡುತ್ತಾರಲ್ಲ, ಅಂಥವು. ವರ್ಷಕ್ಕೊಂದು. ಮಾವ ಅದನ್ನು ಬನಿಯನ್ನಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ಹಾಳೆ ಹಾಳೆಗೂ ಬೆವರಿನ ನಕಾಶೆ. ಹುಡುಕುವ ವ್ಯವಧಾನ ಇದ್ದರೆ ಒಂದೆರಡು ಕಡೆ ಶ್ರೀಲಂಕೆಯೂ ಕಾಣುತ್ತದೆ. ನಾನು ಭೂಗೋಳದ ಮೇಷ್ಟ್ರಾಗಿ ನಿವೃತ್ತನಾದವನು. ನನಗೆ ಇಂಥವು ಬೇಗ ಕಾಣುತ್ತವೆ.

ಭಾವಮೈದುನರು ಆ ಕಟ್ಟನ್ನು ಮೊದಲೇ ಜಾಲಾಡಿದ್ದರು. ಅಪ್ಪ ಯಾರಿಗೆ ಕೈಗಡ ಕೊಟ್ಟಿದ್ದಾರೆ ಎಂದು ಹುಡುಕಿದರೆ, ಯಾರಿಂದ ತಂದಿದ್ದಾರೆ ಎಂಬುದಷ್ಟೇ ಸಿಕ್ಕಿತು. ತಕ್ಷಣ ರಬ್ಬರ್ ಬ್ಯಾಂಡ್ ಹಾಕಿ, "ಭಾವ, ನೀವು ಓದಿದೋರು, ನಿಮ್ ಹತ್ರಾನೇ ಇರ್ಲಿ" ಎಂದು ನನ್ನನ್ನು ಗೌರವಿಸಿದರು.

ಅವರಲ್ಲಿ ಕಿರಿಯವನದು ಮೆಡಿಕಲ್ ಶಾಪು. ಮಳೆಗಾಲದ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು 'ಭ', ಅದರ ಮುಂದೆ ಮೂರಂಕಿ ಇರುವುದನ್ನು ಕಂಡುಹಿಡಿದವನು ಅವನೇ. ಭ 128, ಭ 134, ಭ 151. ಇದು ಬಿ.ಪಿ. ಎಂದು ಅಲ್ಲೇ ತೀರ್ಮಾನಿಸಿಬಿಟ್ಟ. 160 ದಾಟಿದಾಗ ಬೆವರಿದ. 178ಕ್ಕೆ ಅವನ ಗಂಟಲು ಕಟ್ಟಿತು: "ಒಂದ್ ಮಾತು ಹೇಳ್ಲಿಲ್ಲ ನೋಡ್ರಿ ಭಾವ, ಗುಳಿಗಿ ನಮ್ ಅಂಗಡ್ಯಾಗೇ ಇದ್ವು." ಮುಂದಿನ ಹಾಳೆಯಲ್ಲಿ ಮಾವ ಬರೆದಿದ್ದರು: "ಭ 186. ಹೋಳಿಗೆ ಮಾಡಿಸಿದೆ." ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಅದು ಭದ್ರಾ ಡ್ಯಾಮಿನ ನೀರೋ ಹುಚ್ಚಪ್ಪ!" ಲಕ್ಕವಳ್ಳಿಯ ಜಲಾಶಯ 186 ಅಡಿಗೆ ಭರ್ತಿ ಎಂಬುದು ನಮ್ಮ ಸೀಮೆಯಲ್ಲಿ ಎತ್ತುಗಳಿಗೂ ಗೊತ್ತು. ಆದರೂ ಮೆಡಿಕಲ್ ಶಾಪಿನವನು ಪೂರ್ತಿ ತಪ್ಪಿದನೆಂದು ನಾನು ಹೇಳಲಾರೆ. ಮಾವನ ಊರು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ಡ್ಯಾಮಿನ ಅಂಕಿ ಏರಿದಷ್ಟೂ ಅವರ ಬಿ.ಪಿ. ಇಳಿಯುತ್ತಿತ್ತು.

ಉಳಿದ ಹಾಳೆಗಳನ್ನು ವಿವರಿಸುವುದು ಬೇಡ, ಇಂಥವೇ: "ನಾಟಿ. ಹೆಣ್ಣಾಳು 14." "ಯೂರಿಯಾ ಸಿಗಲಿಲ್ಲ." "ಎಮ್ಮೆ ಈಯಿತು. ಕೋಣಗರು." "ದುಗ್ಗಮ್ಮನ ಜಾತ್ರೆಗೆ ಹೋದೆ. ಚಪ್ಪಲಿ ಹೋಯಿತು." "ಮೋಟರ್ ಸುಟ್ಟಿತು." "ಮೋಟರ್ ಮತ್ತೆ ಸುಟ್ಟಿತು."

ನನ್ನ ಮದುವೆಯ ಹಾಳೆಯನ್ನು ಮಾತ್ರ ಪೂರ್ತಿ ಕೊಡಬೇಕು: "ಮಗಳ ಮದುವೆ ಆಯಿತು. ಸಂಜೆ ರೋಣಿ ಮಳೆ. ಒಂದು ಗೇಣು ಹಸಿ. ಹಸಿಗೆ ಹಸಿ ಕೂಡಿತು. ಭಾಳ ಸಂತೋಷ."

ಅಳಿಯನ ಪ್ರಸ್ತಾಪವೇ ಇಲ್ಲ. ಹೋಗಲಿ, ಆ ಸಂತೋಷ ಯಾವುದಕ್ಕೆ? ಮದುವೆಗೂ ಸೇರಿ ಇರಬೇಕೆಂದು ನಾನು ವಾದಿಸಿದೆ. ಹೆಂಡತಿ ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ಮದುವೆ ಮುಂದೆ ಪೂರ್ಣವಿರಾಮ ಹಾಕ್ಯಾರೆ ನೋಡ್ರಿ" ಎಂದು ಡೈರಿ ಮುಚ್ಚಿದಳು.

ನನ್ನನ್ನು ಹಿಂದೆ ಹಾಕಿದ ಆ ಒಂದು ಗೇಣು ಹಸಿ ಹೇಗಿರುತ್ತದೆಂದು ನೋಡಲೇಬೇಕು ಅನ್ನಿಸಿತು. ಸರ್ವಿಸ್ ಪೂರ್ತಿ ಮಕ್ಕಳಿಗೆ ಮಳೆಮಾಪಕದ ಚಿತ್ರ ಬರೆಸಿದ್ದೇನೆ, ಮಿಲಿಮೀಟರಿನಲ್ಲಿ ಅಂಕ ಕೊಟ್ಟಿದ್ದೇನೆ. ಮಾವನ ಲೆಕ್ಕ ಅದಲ್ಲ. ಆಕಾಶದಿಂದ ಎಷ್ಟು ಬಿತ್ತು ಎಂಬುದು ಅವರಿಗೆ ಬೇಡ. ನೆಲ ಎಷ್ಟು ಕುಡಿಯಿತು ಎಂಬುದು ಬೇಕು. ಮಳೆ ನಿಂತ ಮೇಲೆ ಮಣ್ಣು ಬಗೆದು, ಹಸಿ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೆ ಗೇಣು ಹಾಕುವುದು. ಮೇಲಿನ ಹಸಿ ಹೋಗಿ ಒಳಗಿನ ಹಳೇ ಹಸಿಯನ್ನು ಮುಟ್ಟಿದರೆ ಬಿತ್ತನೆಗೆ ಹದ.

ರೋಹಿಣಿ ಮಳೆ ಕೂಡುವುದು ಮೇ ತಿಂಗಳ ಕೊನೆ ವಾರದಲ್ಲಿ. ರೋಣಿ ಮಳೆ ಬಿದ್ದರೆ ಓಣಿ ತುಂಬ ಜೋಳ ಅನ್ನುತ್ತಾರೆ. ನಮ್ಮ ಸರಸ್ವತಿ ನಗರದ ಓಣಿ ತುಂಬ ಕಾರು. ಒಂದು ರಾತ್ರಿ ಗುಡುಗಿ ಸುರಿಯಿತು. ಬೆಳಿಗ್ಗೆ ಅತ್ತೆಯ ಗುದ್ದಲಿ ಹಿಡಿದು, ಹೊಸ ಪಾಕೆಟ್ ಡೈರಿಯೊಂದನ್ನು ಬನಿಯನ್ನಿಗೆ ಜೇಬಿಲ್ಲದ ಕಾರಣ ಪೈಜಾಮದಲ್ಲಿಟ್ಟುಕೊಂಡು ಹೊರಟೆ. ಅಂಗಳಕ್ಕೆ ಟೈಲ್ಸ್. ಪಕ್ಕಕ್ಕೆ ಸಿಮೆಂಟ್ ಇಟ್ಟಿಗೆ. ಹಿತ್ತಲಲ್ಲಿ ತುಳಸಿ ಇದ್ದಾಳೆ, ಆದರೆ ಕುಂಡದಲ್ಲಿ. ಬೀದಿಗೆ ಬಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ ಕಾಂಕ್ರೀಟು. ಇಡೀ ಬಡಾವಣೆ ಮಳೆಯನ್ನು ಒಂದು ಹನಿಯೂ ಕುಡಿಯದೆ ಚರಂಡಿಗೆ ದಾಟಿಸಿ ಕೈ ತೊಳೆದುಕೊಂಡಿತ್ತು.

ಕೊನೆಗೆ ಹಿಂದಿನ ರಸ್ತೆಯಲ್ಲಿ ಖಾಲಿ ಸೈಟೊಂದು ಸಿಕ್ಕಿತು. ಪಾರ್ಥೇನಿಯಂ ಸರಿಸಿ ಅಗೆಯತೊಡಗಿದೆ. ಮೊದಲ ಪದರ ಹಾಲಿನ ಪ್ಯಾಕೆಟ್, ಎರಡನೆಯದು ಗುಟ್ಕಾ, ಮೂರನೆಯದು ಯಾರದೋ ಬಾತ್‌ರೂಮಿನ ಒಡೆದ ಟೈಲ್ಸು. ಭೂಗೋಳದವನಾದ್ದರಿಂದ ಪ್ರತಿ ಪದರಕ್ಕೂ ನಿಂತು ನೋಡಿದೆ. ಅದರ ಕೆಳಗೆ, ನಂಬಿದರೆ ನಂಬಿ, ಎರೆಮಣ್ಣು. ಕಪ್ಪಗೆ, ತಣ್ಣಗೆ. ಮಂಡಿ ಊರಿ, ಕೈಯನ್ನು ಮೊಣಕೈವರೆಗೆ ಗುಂಡಿಯಲ್ಲಿಳಿಸಿ, ಹೆಬ್ಬೆರಳು ಮೇಲೆ, ಕಿರುಬೆರಳು ಕೆಳಗೆ ಮಾಡಿ ಗೇಣು ಬಿಚ್ಚಿದೆ.

"ಪಾಯಾ ತೆಗೆಸ್ತಿದೀರೇನ್ರಿ ಸಾರ್? ಇವತ್ತೇ ಮುಹೂರ್ತನಾ?"

ವಾಕಿಂಗ್ ಗುಂಪು. ಕೈ ತೆಗೆದರೆ ಗುರುತು ತಪ್ಪುತ್ತದೆಂದು ತಲೆಯನ್ನಷ್ಟೇ ಅಲ್ಲಾಡಿಸಿದೆ. ಅದು ಅನುಮಾನಕ್ಕೆ ಎಡೆಯಾಯಿತು. ಒಬ್ಬರು ಕೇಬಲ್ ಕಟ್ಟಾಗಿದೆ ಅಂದರು. ಇನ್ನೊಬ್ಬರು ತಗ್ಗಿದ ದನಿಯಲ್ಲಿ ನಿಧಿ ಅಂದರು. ಎದುರು ಮನೆಯ ಅಮ್ಮನವರು, ಅಮಾವಾಸ್ಯೆ ಹತ್ತಿರ ಬಂತು, ನಿಂಬೆಹಣ್ಣು ಹೂಳುತ್ತಿರಬೇಕು ಎಂದು ಬಾಗಿಲು ಹಾಕಿಕೊಂಡು ಕಿಟಕಿ ತೆಗೆದರು. ಸೈಟ್ ವ್ಯಾಪಾರದ ಹುಡುಗನೊಬ್ಬ ಬೈಕು ನಿಲ್ಲಿಸಿ, ಬೆಂಗಳೂರಿನಲ್ಲಿರುವ ಮಾಲೀಕರಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಗುಂಡಿಯ ಬಾಯಿಗೇ ಹಿಡಿದ. ಮಾಲೀಕರಿಗೆ ಕಂಡದ್ದು ತಮ್ಮ ಸ್ವಯಾರ್ಜಿತ ನೆಲದೊಳಗೆ ಅಪರಿಚಿತ ಕೈಯೊಂದು ಬೆರಳು ಅಗಲಿಸಿಕೊಂಡು ಕೂತಿರುವುದು.

"ಏನ್ ಸಾರ್ ಅಳೀತಿದೀರಿ ನನ್ ಸೈಟಲ್ಲಿ?"

"ಮಳೆ."

ಆ ಕಡೆ ಮೌನ. ಈ ಕಡೆಯೂ ಮೌನ. ಆಮೇಲೆ ಮಾಲೀಕರು, ಅವರೂ ಎಂದೋ ಯಾವುದೋ ಹಳ್ಳಿಯಿಂದಲೇ ಹೋದವರಿರಬೇಕು, ಮೆಲ್ಲಗೆ ಕೇಳಿದರು: "ಎಷ್ಟಾಯ್ತು?"

"ತಡೀರಿ, ಕೈ ಇನ್ನೂ ಒಳಗಿದೆ."

ಸತ್ಯವೇನೆಂದರೆ ನನಗೆ ತಿಳಿಯುತ್ತಿರಲಿಲ್ಲ. ಹಸಿ ಎಲ್ಲಿ ಮುಗಿಯಿತು, ತಂಪು ಎಲ್ಲಿ ಶುರುವಾಯಿತು ಎಂಬುದು ಮೇಷ್ಟ್ರ ಬೆರಳಿಗೆ ಗೊತ್ತಾಗುವ ಸಂಗತಿಯಲ್ಲ. ಅಷ್ಟರಲ್ಲಿ ಸೊಪ್ಪು ಮಾರುವ ಅಜ್ಜಿ ಬಂದಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಪುಟ್ಟಿ ಇಳಿಸಿ, ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಚಿಟಿಕೆ ಮಣ್ಣು ತೆಗೆದು ಉಂಡೆ ಮಾಡಿ ನೋಡಿದಳು. ಉಂಡೆ ಒಡೆಯಿತು. "ನಾಕ್ ಬಳ್ಳು. ಬಿತ್ತಾಕೆ ಸಾಲಲ್ಲ" ಅಂದು, ಪುಟ್ಟಿ ಹೊತ್ತು, "ಸೊಪ್ಪೂ" ಎಂದು ಕೂಗುತ್ತ ಹೋದಳು. ನಿಧಿ ಅಂದವರಿಗೆ ಬಹಳ ನಿರಾಸೆಯಾಯಿತು. ನಾನು ಡೈರಿ ತೆಗೆದು ಎಲ್ಲರ ಎದುರಿಗೇ ಬರೆದುಕೊಂಡೆ: "ರೋಣಿ. ನಾಲ್ಕು ಬೆರಳು. ಬಿತ್ತಲು ಸಾಲದು." ಸರಸ್ವತಿ ನಗರದಲ್ಲಿ ಏನನ್ನು ಬಿತ್ತಬೇಕೆಂದಿದ್ದೆನೋ, ಯಾರೂ ಕೇಳಲಿಲ್ಲ.

ವಾಕಿಂಗ್ ಗುಂಪಿನ ಒಬ್ಬರು ಮಾತ್ರ ಬೆನ್ನು ತಟ್ಟಿ, "ಹಳ್ಳಿ ಲೈಫೇ ಲೈಫು ಸಾರ್, ಏನ್ ನೆಮ್ಮದಿ!" ಅಂದರು. ಇದೇ ಮಹಾಶಯರು 2023ರ ಸೆಪ್ಟೆಂಬರಿನಲ್ಲಿ, ಭದ್ರಾ ನಾಲೆಗೆ ನೂರು ದಿನ ಸತತ ನೀರು ಬಿಡಿ ಎಂದು ರೈತರು ದಾವಣಗೆರೆ ಬಂದ್ ಮಾಡಿದಾಗ, ಬೆಣ್ಣೆ ದೋಸೆಗೆ ಹೋಗಲಾಗಲಿಲ್ಲ ಎಂದು ದಿನವಿಡೀ ಶಪಿಸಿದ್ದರು. ಅವರಿಗೆ ಆ ವರ್ಷದ ಡೈರಿ ತೋರಿಸಬೇಕು ಅನ್ನಿಸಿತು. ತೋರಿಸಲಿಲ್ಲ, ಓದುವ ಜನ ಅಲ್ಲ.

ಮಾವನ ಡೈರಿಗಳಲ್ಲಿ ಅದೇ ಕೊನೆಯದು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, 'ಭ' 186ರ ಹತ್ತಿರವೂ ಸುಳಿಯಲಿಲ್ಲ. ಇದ್ದಷ್ಟು ನೀರನ್ನು ನಾಲೆಯ ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡ ಮೇಲೆ ಉಳಿದರೆ ಕೊನೆ ಭಾಗಕ್ಕೆ. ಬಂದ್ ದಿನ ಅವರು ಬರೆದದ್ದು: "ಊರು ಬಂದ್. ನೀರು ಮೊದಲೇ ಬಂದ್." ಆಮೇಲಿನ ಹಾಳೆಗಳಲ್ಲಿ "ನಾಲೆಗೆ ನೀರು ಬರಲಿಲ್ಲ." ನಂತರ "ನೀರು ಇಲ್ಲ." ನಂತರ ಬರೀ "ಇಲ್ಲ." ಕೆಲವು ಹಾಳೆ ಬಿಟ್ಟು, ಒಂದು ಅಡ್ಡಗೆರೆ. ಭತ್ತ ಹೊಡೆ ಕಟ್ಟುವ ಹೊತ್ತಿಗೆ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಎಷ್ಟು ಚೀಲ ಆಯಿತೆಂದು ಆ ಡೈರಿಯಲ್ಲಿಲ್ಲ, ಅತ್ತೆಯನ್ನು ಕೇಳಿದೆ. "ಅದೇನ್ ಕೇಳ್ತೀರಿ ಅಳಿಯಂದ್ರೆ, ಊಟಕ್ಕೆ ಏಳ್ರಿ" ಅಂದರು.

ಬೆಂಗಳೂರಿನ ಮಾಲೀಕರು ಆ ಸೈಟಿಗೆ ಈಗ ಕಾಂಪೌಂಡು ಕಟ್ಟಿಸಿ, ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದಾರೆ. ಆದ್ದರಿಂದ ಸರಸ್ವತಿ ನಗರದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿಂದೆ, ಸಂಪಿನ ಪಕ್ಕ, ಗೇಟಿನ ಮೂಲೆಯಲ್ಲಿ, ಎಲ್ಲಾದರೂ ಮೂರಡಿ ಉದ್ದ ಮೂರಡಿ ಅಗಲ ಬರಿಯ ಮಣ್ಣು ಉಳಿದಿದ್ದರೆ ದಯವಿಟ್ಟು ಹೇಳಿ. ರೋಹಿಣಿ ಕೂಡುವುದರೊಳಗೆ ಹೇಳಿದರೆ ಒಳ್ಳೆಯದು. ಗುದ್ದಲಿ ನಾನೇ ತರುತ್ತೇನೆ, ಗುಂಡಿಯನ್ನೂ ನಾನೇ ಮುಚ್ಚಿ ಕೊಡುತ್ತೇನೆ.